ಹೊಸ್ತಿಲಲ್ಲಿ ನಿಂತ ಬ್ರಿಜಿಡ್: ಚಳಿಯ ನಡುವೆ ಬರುವ ಐರಿಷ್ ವಸಂತ

ಕಿಲ್ಡೇರ್ ಕನ್ನಡತಿ | ಜನವರಿ 31, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿಗೆ ಬಂದು ಆರು ವರ್ಷವಾಯಿತು, ಅದರಲ್ಲಿ ನಾಲ್ಕು ವರ್ಷ ಈ ಕಿಲ್ಡೇರ್ ಊರಲ್ಲೇ. ಇವತ್ತು ಇಲ್ಲಿ ಬ್ರಿಜಿಡಳ ಹಬ್ಬದ ಮುನ್ನಾದಿನ. ಸಂಜೆ ನಡೆದದ್ದನ್ನು ಯಾರಿಗಾದರೂ ಹೇಳದೆ ಮಲಗಲು ಮನಸ್ಸಾಗುತ್ತಿಲ್ಲ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಮಧ್ಯಾಹ್ನ ನನ್ನನ್ನು ಕರೆದುಕೊಂಡು ಹೋಗಿ ಹುಲ್ಲುಗಾವಲಿನ ಅಂಚಿನ ಜೌಗಿನಲ್ಲಿ ಜೊಂಡು ಕೀಳಿಸಿದರು. ನಾನು ಕತ್ತರಿ ತಂದಿದ್ದೆ. "ಕತ್ತರಿಸಬಾರದು, ಕೀಳಬೇಕು" ಎಂದು ಅದನ್ನು ಜೇಬಿಗೇ ವಾಪಸ್ ಹಾಕಿಸಿದರು. ಬುಡ ಹಿಡಿದು ಮೆಲ್ಲಗೆ ಎಳೆದರೆ ಜೊಂಡು ಕಿಚ್ ಅಂತ ಸಣ್ಣ ಸದ್ದು ಮಾಡಿ ಬಿಟ್ಟುಕೊಳ್ಳುತ್ತದೆ. ಮೇಲೆಲ್ಲ ಕಡು ಹಸಿರು, ಕೆಳಗೆ ಬೆಳ್ಳಗೆ. ಒಂದು ತೆಕ್ಕೆ ಆಗುವಷ್ಟರಲ್ಲಿ ಬೆರಳು ಮರಗಟ್ಟಿ ಹೋಗಿತ್ತು.

ಇಲ್ಲಿ ಈಗ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಕತ್ತಲಾದ ಮೇಲೆ ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಜೊಂಡಿನ ಹೊರೆ ಹೊತ್ತು ಹೊರಗೆ. ಹೇಳಿಕೊಟ್ಟ ಹಾಗೆ ಬಾಗಿಲು ತಟ್ಟಿ ಕೂಗಿದೆ: ಮಂಡಿಯೂರಿ, ಕಣ್ಣು ತೆರೆಯಿರಿ, ಬ್ರಿಜಿಡಳನ್ನು ಒಳಗೆ ಬಿಡಿ. ಒಳಗಿಂದ ಐರಿಷ್ ಭಾಷೆಯಲ್ಲಿ ಉತ್ತರ ಬಂತು, ಬರಲಿ, ಬರಲಿ ಅನ್ನುವ ಅರ್ಥದ್ದು. ಮೂರು ಸಲ ಕೂಗಬೇಕಿತ್ತು. ಮೂರನೇ ಸಲಕ್ಕೆ ನನ್ನ ಗಂಟಲು ಕಟ್ಟಿತು, ಯಾಕೆಂದು ಈಗಲೂ ಹೇಳಲಾರೆ. ಅವರ ಕಾಲದಲ್ಲಿ ಮನೆಯ ಹೆಣ್ಣುಮಗಳೊಬ್ಬಳು ಹೀಗೆ ಹೊರಗೆ ನಿಲ್ಲುತ್ತಿದ್ದಳಂತೆ. ಆ ಹೊತ್ತಿಗೆ ಅವಳೇ ಬ್ರಿಜಿಡ್.

ಆಮೇಲೆ ಆಲೂಗಡ್ಡೆ ಬೇಯಿಸಿ ಹಿಸುಕಿ, ನಡುವೆ ಗುಂಡಿ ಮಾಡಿ ಬೆಣ್ಣೆ ಹಾಕಿಕೊಂಡು ಉಂಡೆವು. ಉಂಡಾದ ಮೇಲೆ ಜೊಂಡಿನಲ್ಲಿ ಶಿಲುಬೆ ಹೆಣೆಯುವುದು. ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿಯಬೇಕು. ಇನ್ನೊಂದನ್ನು ಅದರ ನಡುವಿಗೆ ಮಡಚಿ ಹಾಕಿ ಬಲಕ್ಕೆ ಎಳೆಯಬೇಕು. ಇಡೀ ಹೆಣಿಗೆಯನ್ನು ಕಾಲು ಸುತ್ತು ತಿರುಗಿಸಿ, ಮತ್ತೊಂದನ್ನು ಮಡಚಿ ಹಿಂದಿನದರ ಮೇಲೆ ಬಿಗಿಯಬೇಕು. ಹೆಬ್ಬೆರಳು ನಡುವಿನಿಂದ ಸರಿದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಹತ್ತಿಪ್ಪತ್ತು ಕಡ್ಡಿ ಆಗುವಾಗ ನಡುವೆ ಚೌಕವೊಂದು ತಾನಾಗಿ ಮೂಡುತ್ತದೆ, ನಾಲ್ಕು ಕಡೆಗೆ ನಾಲ್ಕು ತೋಳು. ತುದಿಗಳನ್ನು ದಾರದಿಂದ ಕಟ್ಟಿದರೆ ಮುಗಿಯಿತು. ಬಾಗಿಲ ಮೇಲೆ ಸಿಕ್ಕಿಸಿದರೆ ಮನೆಗೆ ಬೆಂಕಿ ತಗಲುವುದಿಲ್ಲ ಅನ್ನುವ ನಂಬಿಕೆ.

ನಾಳೆ ಫೆಬ್ರವರಿ 1, ಇಲ್ಲಿನವರ ಲೆಕ್ಕದಲ್ಲಿ ವಸಂತದ ಮೊದಲ ದಿನ. ಇಂಬೋಲ್ಕ್ ಅಂತಲೂ ಕರೆಯುತ್ತಾರೆ. ಅಜ್ಜಿಯ ಬಾಯಲ್ಲಿ ಬ್ರಿಜಿಡ್ ಸಂತಳು, ಕಿಲ್ಡೇರಿನಲ್ಲಿ ಮಠ ಕಟ್ಟಿದವಳು. ನಮ್ಮ ಆಫೀಸಿನ ಹುಡುಗಿಯೊಬ್ಬಳಿಗೆ ಆಕೆ ಚರ್ಚಿಗಿಂತ ಹಳೆಯ ಕೆಲ್ಟಿಕ್ ದೇವತೆ, ಅಂದರೆ ಈ ನಾಡಿನ ಹಳೆಯ ಜನರ ದೇವತೆ. ಇದರಲ್ಲಿ ಯಾವುದು ನಿಜ? ಹೂವೇ ಇಲ್ಲದ ಈ ಚಳಿಯನ್ನು ವಸಂತ ಅನ್ನುವುದಾದರೂ ಹೇಗೆ? ತಿಳಿದವರು ಹೇಳಿ.

---

ಪದಬೇರು | ಜನವರಿ 31, ರಾತ್ರಿ 10:25

ಓದಿ ತುಂಬ ಸಂತೋಷವಾಯಿತು ತಾಯಿ. ನಾನು ಭಾಷೆ ಕಲಿಸಿ ನಿವೃತ್ತನಾದವನು, ಹೆಸರಿನ ಬುಡದಿಂದ ಶುರು ಮಾಡುತ್ತೇನೆ.

ಬ್ರಿಜಿಡ್ ಎಂಬ ಹೆಸರಿನ ಮೂಲ ಕೆಲ್ಟಿಕ್ ರೂಪ ಬ್ರಿಗಂತೀ ಎಂದು ಭಾಷಾಶಾಸ್ತ್ರಜ್ಞರು ಕಟ್ಟಿಕೊಡುತ್ತಾರೆ. ಅರ್ಥ, ಎತ್ತರದವಳು, ಹಿರಿದಾದವಳು. ಸಂಸ್ಕೃತದ ಬೃಹತೀ ಇದೇ ಬೇರಿನಿಂದ ಚಿಗುರಿದ ಪದ. ರೋಮನ್ ಕಾಲದ ಉತ್ತರ ಇಂಗ್ಲೆಂಡಿನಲ್ಲಿ ಬ್ರಿಗಾಂಟೀಸ್ ಎಂಬ ಜನ ಇದ್ದರು, ಬ್ರಿಗಾಂಟಿಯಾ ಎಂಬ ದೇವತೆಗೆ ಅವರ ನಾಡಿನಲ್ಲಿ ಕೆತ್ತಿದ ಕಲ್ಲುಗಳು ಸಿಕ್ಕಿವೆ. ಸ್ಕಾಟ್ಲೆಂಡಿನ ಬಿರೆನ್ಸ್‌ನಲ್ಲಿ ದೊರೆತ ಶಿಲ್ಪದಲ್ಲಿ ಆಕೆಗೆ ರೋಮನ್ನರ ಮಿನರ್ವಾಳ ವೇಷ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬೃಹತೀ ಎಂದ ಕೂಡಲೇ "ನಮ್ಮ ದೇವಿಯೇ ಅಲ್ಲಿಗೆ ಹೋದಳು" ಎಂದು ಯಾರೂ ಓಡಬೇಡಿ. ಸಂಸ್ಕೃತವೂ ಐರಿಷ್ ಭಾಷೆಯೂ ಒಂದೇ ಹಳೆಯ ಮನೆತನದವು, ಆ ಮನೆಯ ಪದ ಎರಡೂ ಕಡೆ ಉಳಿದಿದೆ, ಅಷ್ಟೆ. ನಮ್ಮ ಕನ್ನಡ ಆ ಮನೆತನದ್ದೂ ಅಲ್ಲ, ಬೃಹತ್ ನಮಗೆ ಸಂಸ್ಕೃತದಿಂದ ಬಂದ ಪದ.

ದೇವತೆಯೆಂದು ಖಚಿತವಾಗಿ ಬರೆದಿರುವುದು ಕಾರ್ಮಕನ ನಿಘಂಟಿನಲ್ಲಿ. ಕಾರ್ಮಕ್ ಮ್ಯಾಕ್ ಕುಲೆನನ್ ಕ್ಯಾಶೆಲ್ಲಿನ ರಾಜ, ಬಿಷಪ್ ಕೂಡ. 908ರಲ್ಲಿ ಯುದ್ಧದಲ್ಲಿ ಸತ್ತ. ಅವನದೆಂದು ಹೇಳುವ ಆ ನಿಘಂಟಿನ ಪ್ರಕಾರ ಬ್ರಿಜಿಡ್ ದಾಗ್ದ ಎಂಬ ಐರಿಷ್ ದೇವರ ಮಗಳು, ಕವಿಗಳು ಪೂಜಿಸುತ್ತಿದ್ದ ದೇವತೆ. ಅವಳಿಗೆ ಅದೇ ಹೆಸರಿನ ಇಬ್ಬರು ಅಕ್ಕತಂಗಿಯರು, ಒಬ್ಬಳು ವೈದ್ಯದವಳು, ಇನ್ನೊಬ್ಬಳು ಕಮ್ಮಾರಿಕೆಯವಳು. ಪದ್ಯ, ಮದ್ದು, ಕುಲುಮೆ ಮೂರಕ್ಕೂ ಒಂದೇ ಹೆಸರು. ಮೂರೂ ಕೈಗೆ ಸುಲಭವಾಗಿ ಹತ್ತದ ವಿದ್ಯೆಗಳು, ಅದನ್ನು ಗಮನಿಸಿ.

ಐರಿಷ್ ದೇವರುಗಳ ಮಾಯ್ ಟುರ ಯುದ್ಧದ ಕಥೆಯಲ್ಲೂ ಬ್ರೀಗ್ ಎಂಬ ಹೆಸರಿನಲ್ಲಿ ಬರುತ್ತಾಳೆ. ಮಗ ರುವಾದನ್ ರಣದಲ್ಲಿ ಸತ್ತಾಗ ಗೋಳೋ ಎಂದು ಅಳುತ್ತಾಳೆ. ಐರ್ಲೆಂಡಿನಲ್ಲಿ ಸತ್ತವರಿಗಾಗಿ ಅತ್ತ ಮೊದಲ ದನಿ ಅದು ಎಂದು ಕಥೆ ಹೇಳುತ್ತದೆ. ಎಷ್ಟು ಸಲ ಓದಿದರೂ ಆ ಜಾಗದಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತೇನೆ.

---

ಮಳೆಹನಿ | ಜನವರಿ 31, ರಾತ್ರಿ 10:50

ಇಂಬೋಲ್ಕ್ ಅಂದರೆ ಏನು ಮೇಷ್ಟ್ರೇ? ಕುರಿ ಹಾಲು ಅಂತ ಎಲ್ಲೋ ಓದಿದ ನೆನಪು. ಹಾಲಿಗೂ ವಸಂತಕ್ಕೂ ಏನು ಸಂಬಂಧ?

---

ಪದಬೇರು | ಜನವರಿ 31, ರಾತ್ರಿ 11:05

ಕುರಿ ಹಾಲು ಎಂಬ ಅರ್ಥವೂ ಆ ಕಾರ್ಮಕನ ನಿಘಂಟಿನದೇ. ಪದವನ್ನು ಓಯ್‌ಮೆಲ್ಕ್ ಎಂದು ಒಡೆಯುತ್ತದೆ. ಓಯ್ ಎಂದರೆ ಕುರಿ, ಸಂಸ್ಕೃತದ ಅವಿಗೆ ಅದು ದಾಯಾದಿ. ಆದರೆ ಇಂಬೋಲ್ಕ್ ಆ ಪದದಿಂದಲೇ ಹುಟ್ಟಿತೆಂದು ಈಗಿನ ವಿದ್ವಾಂಸರು ಒಪ್ಪುವುದಿಲ್ಲ. ಹೊಟ್ಟೆಯೊಳಗೆ ಎಂಬ ಅರ್ಥ ಹೇಳುವವರಿದ್ದಾರೆ, ಶುದ್ಧಿಗೆ ಸಂಬಂಧಿಸಿದ ಬೇರು ಹುಡುಕುವವರೂ ಇದ್ದಾರೆ. ಹಾಲಿನ ವಿಷಯ ಕುರಿ ನೋಡಿದವರೇ ಹೇಳಬೇಕು.

---

ಕುರಿ ಡಾಕ್ಟರ್ | ಫೆಬ್ರವರಿ 1, ಬೆಳಗ್ಗೆ 6:10

ಹಾಗಾದರೆ ನಾನು ಹೇಳಬೇಕು. ಸ್ಕಾಟ್ಲೆಂಡಿನ ದಕ್ಷಿಣ ಗಡಿಯಲ್ಲಿ ಪಶುವೈದ್ಯೆ. ರಾತ್ರಿ ಎರಡಕ್ಕೆ ಕರೆ ಬಂದು ಹೋಗಿ ಈಗಷ್ಟೇ ಕೈ ತೊಳೆದುಕೊಂಡು ಕೂತಿದ್ದೇನೆ. ಅವಳಿ ಮರಿ, ಒಂದು ಅಡ್ಡ ಸಿಕ್ಕಿಕೊಂಡಿತ್ತು. ಎರಡೂ ಬದುಕಿದವು.

ಕುರಿ ಗಬ್ಬವಾಗುವುದು ಹಗಲು ಕುಗ್ಗುವ ಶರತ್ಕಾಲದಲ್ಲಿ. ಹೊರುವುದು ಐದು ತಿಂಗಳಿಗೆ ಕೆಲವು ದಿನ ಕಮ್ಮಿ, ಸುಮಾರು 147 ದಿನ. ಈಯುವುದಕ್ಕೆ ಎರಡು ಮೂರು ವಾರ ಮುಂಚೆ ಕೆಚ್ಚಲು ಕಟ್ಟಲು ಶುರುವಾಗುತ್ತದೆ. ಹಿಂಗಾಲಿನ ನಡುವೆ ಕೈಯಿಟ್ಟರೆ ಬಿಸಿ ಗೊತ್ತಾಗುತ್ತದೆ, ಬಿಗಿಯಾಗಿ, ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಹೊರಗೆ ನೆಲ ಕಲ್ಲಿನ ಹಾಗೆ ಗಡುಸಾಗಿದ್ದಾಗ ಈ ಬಿಸಿ ಕೈಗೆ ಸಿಗುವುದು ದೊಡ್ಡ ಸಂಗತಿ. ಹುಲ್ಲು ಇನ್ನೂ ಚಿಗುರಿಲ್ಲ, ಮೇವಿನ ರಾಶಿ ಅರ್ಧ ಇಳಿದಿದೆ, ಮನೆಯಲ್ಲಿ ಉಪ್ಪು ಹಾಕಿಟ್ಟದ್ದು ಬಿಟ್ಟರೆ ತಿನ್ನಲು ಬೇರೇನೂ ಇಲ್ಲ ಅನ್ನುವ ಕಾಲದಲ್ಲಿ ವರ್ಷದ ಮೊದಲ ತಾಜಾ ಆಹಾರ ಈ ಹಾಲು. ಹೂವು ನೋಡಿ ವಸಂತ ಅನ್ನುವುದು ಹೊಟ್ಟೆ ತುಂಬಿದವರ ಲೆಕ್ಕ. ದನ ಕುರಿ ನಂಬಿದವರಿಗೆ ವಸಂತ ಮೊದಲು ಕೆಚ್ಚಲಲ್ಲಿ ಕಾಣುತ್ತದೆ.

ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ಈಗಿನ ಸ್ಕಾಟಿಷ್ ಬೆಟ್ಟದ ಹಿಂಡುಗಳು ಈಯುವುದು ಏಪ್ರಿಲಿನಲ್ಲಿ. ಜನವರಿ ಫೆಬ್ರವರಿಯಲ್ಲಿ ಈಯುವವು ತಗ್ಗಿನ ಜಮೀನಿನವು, ಕೊಟ್ಟಿಗೆಯೊಳಗೆ. ಹಾಗಾಗಿ ಫೆಬ್ರವರಿ 1ಕ್ಕೆ ನಾಡಿನ ಕುರಿಯೆಲ್ಲ ಹಾಲು ಕೊಡುತ್ತಿದ್ದವು ಅಂದುಕೊಳ್ಳಬೇಡಿ. ಮೊದಮೊದಲ ಕೆಲವು ಕುರಿ ಅಷ್ಟೆ. ಮೊದಲನೆಯದು ಕೆಚ್ಚಲು ಬಿಟ್ಟಿತು ಅಂದರೆ ಉಳಿದವು ಹಿಂದೆಯೇ ಬರುತ್ತವೆ ಅನ್ನುವ ಧೈರ್ಯ.

---

ಹಳೇ ಓಲೆ | ಫೆಬ್ರವರಿ 1, ಬೆಳಗ್ಗೆ 9:30

ಡಾಕ್ಟರಮ್ಮ, ನಿಮ್ಮ ಬರಹ ಮನಸ್ಸಿಗೆ ಹಿಡಿಸಿತು. ಈಗ ಸ್ವಲ್ಪ ಕಹಿ ಮಾತು ನನ್ನಿಂದ, ಬೇಸರ ಮಾಡಿಕೊಳ್ಳಬೇಡಿ. ಮಧ್ಯಯುಗದ ಇತಿಹಾಸ ಓದಿದವನು ನಾನು, ಬ್ರಿಜಿಡಳ ಮೇಲೆ ಗೌರವ ಇರುವುದರಿಂದಲೇ ಹೇಳುತ್ತಿದ್ದೇನೆ.

ಕ್ರೈಸ್ತಪೂರ್ವ ಐರ್ಲೆಂಡಿನಲ್ಲಿ ಇಂಬೋಲ್ಕ್ ದಿನ ಯಾವ ಪೂಜೆ ನಡೆಯುತ್ತಿತ್ತು ಎನ್ನುವುದಕ್ಕೆ ಆ ಕಾಲದವರು ಬರೆದ ಒಂದು ಸಾಲೂ ಇಲ್ಲ. ನಮಗಿರುವ ಬರಹವೆಲ್ಲ ಮಠಗಳಲ್ಲಿ ಕೂತು ಬರೆದದ್ದು. ಕಾರ್ಮಕನೇ ಬಿಷಪ್ ಎಂದು ಮೇಷ್ಟ್ರು ಹೇಳಿದರಲ್ಲ. ಸಂತ ಬ್ರಿಜಿಡಳ ಚರಿತ್ರೆಯನ್ನು ಕೊಗಿಟೊಸುಸ್ ಎಂಬ ಸನ್ಯಾಸಿ ಲ್ಯಾಟಿನ್ನಿನಲ್ಲಿ ಬರೆದದ್ದು ಸುಮಾರು 650ರಲ್ಲಿ. ಆಕೆ ತೀರಿಕೊಂಡದ್ದು ಸುಮಾರು 525 ಎಂದು ಪರಂಪರೆ. ದೇವತೆಯ ಬಗೆಗಿನ ನಿಘಂಟಿನ ಟಿಪ್ಪಣಿ ಕೊಗಿಟೊಸುಸನ ಬರಹಕ್ಕಿಂತ ಸುಮಾರು ಇನ್ನೂರೈವತ್ತು ವರ್ಷ ಈಚಿನದು. ಅಂದರೆ ಬರಹದಲ್ಲಿ ಸಂತಳೇ ಮೊದಲು ಸಿಗುತ್ತಾಳೆ, ದೇವತೆ ಆಮೇಲೆ. ದೇವತೆ ಇರಲೇ ಇಲ್ಲ ಎನ್ನುತ್ತಿಲ್ಲ, ಬ್ರಿಗಾಂಟಿಯಾಳ ಕಲ್ಲುಗಳು ಕಣ್ಣೆದುರಿಗಿವೆ. ಆದರೆ "ಚರ್ಚು ದೇವತೆಯನ್ನು ಕದ್ದು ಸಂತಳನ್ನಾಗಿ ಮಾಡಿತು" ಎಂಬ ವಾಕ್ಯವನ್ನು ಯಾರೂ ಅಷ್ಟು ಸಲೀಸಾಗಿ ಹೇಳಲಾಗದು.

ಇಂಟರ್ನೆಟ್ಟಿನಲ್ಲಿ ತಿರುಗುವ ಎಂಟು ಹಬ್ಬಗಳ ಚಕ್ರ ಇದೆಯಲ್ಲ, ಅದು 20ನೇ ಶತಮಾನದ ನಡುವೆ ಇಂಗ್ಲೆಂಡಿನ ಹೊಸ ಪೇಗನ್ ಗುಂಪುಗಳು, ಅಂದರೆ ಕ್ರೈಸ್ತಪೂರ್ವ ದೇವರುಗಳನ್ನು ಮತ್ತೆ ಪೂಜಿಸುವವರು, ಕೂಡಿಸಿದ್ದು. ಹಳೆಯ ಐರಿಷ್ ಗ್ರಂಥಗಳಲ್ಲಿ ಋತು ತಿರುಗುವ ದಿನ ನಾಲ್ಕು: ನವೆಂಬರ್ 1ರ ಸೌಯಿನ್, ಫೆಬ್ರವರಿ 1ರ ಇಂಬೋಲ್ಕ್, ಮೇ 1ರ ಬೆಲ್ಟನೆ, ಆಗಸ್ಟ್ 1ರ ಲೂನಸ. ಮಾರ್ಚಿನಲ್ಲಿ ಬರುವ ಓಸ್ಟಾರಾವನ್ನು ಕೆಲ್ಟಿಕ್ ದೇವತೆ ಎಂದು ಹಾಕುತ್ತಾರೆ. ಆ ಹೆಸರಿನ ಹಿಂದಿರುವುದು ಬೀಡ್ ಎಂಬ ಸನ್ಯಾಸಿ 725ರಲ್ಲಿ ಬರೆದ ಇಯೋಸ್ಟ್ರೆ ಎಂಬ ಹೆಸರು, ಅದು ಆಂಗ್ಲೋ ಸ್ಯಾಕ್ಸನ್ನರದು. ಕೆಲ್ಟರಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ಕಿಲ್ಡೇರ್ ಕನ್ನಡತಿ ಅವರೇ, ನೀವು ನಿನ್ನೆ ಬಾಗಿಲು ತಟ್ಟಿದಿರಲ್ಲ, ಅದನ್ನು ಐರ್ಲೆಂಡಿನ ಎಷ್ಟೋ ಜಿಲ್ಲೆಗಳಲ್ಲಿ ಜಾನಪದ ಸಂಗ್ರಾಹಕರು ಬರೆದಿಟ್ಟುಕೊಂಡಿದ್ದಾರೆ. ಅದು ನಡೆದದ್ದು, ಕೇಳಿದ್ದು, ಕಂಡದ್ದು. ನನಗೆ ಯಾವ ದೇವತೆಯ ಕಥೆಗಿಂತಲೂ ಅದರ ಮೇಲೆ ಹೆಚ್ಚು ಭರವಸೆ.

---

ಮಳೆಹನಿ | ಫೆಬ್ರವರಿ 1, ಬೆಳಗ್ಗೆ 10:15

ನನಗೆ ನಿಜಕ್ಕೂ ಸಂಕಟವಾಯಿತು. ಚಳಿಗಾಲದ ಮುದುಕಿ ಬ್ರಿಜಿಡಳನ್ನು ಬೆಟ್ಟದೊಳಗೆ ಕೂಡಿಹಾಕುತ್ತಾಳೆ, ಆಮೇಲೆ ಅವಳು ತಪ್ಪಿಸಿಕೊಂಡು ಬಂದು ವಸಂತ ತರುತ್ತಾಳೆ ಅನ್ನುವ ಕಥೆಯನ್ನು ಪ್ರತಿ ವರ್ಷ ಮಗಳಿಗೆ ಹೇಳುತ್ತೇನೆ. ಅದೂ ಸುಳ್ಳಾ?

---

ಕ್ಲೈಡ್ ದಂಡೆ | ಫೆಬ್ರವರಿ 1, ಮಧ್ಯಾಹ್ನ 12:40

ಮಳೆಹನಿ ಅಕ್ಕ, ಆ ಕಥೆಯ ಬಗ್ಗೆ ನಾನು ಹೇಳುತ್ತೇನೆ. ಗ್ಲಾಸ್ಗೋದಲ್ಲಿ ಜಾನಪದ ಓದುತ್ತಿದ್ದೇನೆ.

ಚಳಿಯ ಮುದುಕಿ ಕಾಲ್ಯಖ್ ಕಲ್ಪನೆ ಅಲ್ಲ. ಐರಿಷ್ ಭಾಷೆಯ ಹತ್ತಿರದ ನಂಟಾದ ಗೇಲಿಕ್ ಮಾತಾಡುವ ಊರುಗಳಲ್ಲಿ ಬೆಟ್ಟ, ಸುಳಿ, ಬಿರುಗಾಳಿಗೆಲ್ಲ ಅವಳ ಹೆಸರಿದೆ. ಫೆಬ್ರವರಿಯ ಆರಂಭದಲ್ಲಿ ಬಿಸಿಲು ಚೆನ್ನಾಗಿದ್ದರೆ ಮುದುಕಿ ಸೌದೆ ಆರಿಸಲು ಹೊರಟಿದ್ದಾಳೆ, ಚಳಿ ಇನ್ನೂ ಉಳಿಯುತ್ತದೆ ಎನ್ನುವ ಮಾತೂ ಇದೆ. ಹವಾ ಕೆಟ್ಟಿದ್ದರೆ ಆಕೆ ಮಲಗಿದ್ದಾಳೆ, ಇನ್ನು ಹೆದರಿಕೆಯಿಲ್ಲ. ಆದರೆ ಬ್ರಿಜಿಡಳನ್ನು ಸೆರೆಯಿಡುವ ಪೂರ್ತಿ ಕಥೆ, ಮುದುಕಿಗೆ ಬೈರಾ ಎಂಬ ಹೆಸರು, ಇವು ಡೊನಾಲ್ಡ್ ಮೆಕೆಂಜಿ 1917ರಲ್ಲಿ ಮಕ್ಕಳಿಗಾಗಿ ಬರೆದ ಪುಸ್ತಕದಿಂದ ಹರಡಿದ್ದು. ಚೂರುಪಾರು ಸೇರಿಸಿ ಅವನು ಚೆಂದವಾಗಿ ಕಟ್ಟಿದ. ಮಗಳಿಗೆ ಖಂಡಿತ ಹೇಳಿ, ಜೊತೆಗೆ ನೂರು ವರ್ಷದ ಹಿಂದೆ ಒಬ್ಬರು ಬರೆದದ್ದು ಎಂದೂ ಹೇಳಿ.

ಅದಕ್ಕಿಂತ ಹಳೆಯದೊಂದು ನನ್ನ ಹತ್ತಿರ ಇದೆ, ಮಗಳಿಗೆ ಇದನ್ನೂ ಕೊಡಿ. ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಮಾರ್ಟಿನ್ ಮಾರ್ಟಿನ್ ಎಂಬಾತ, ತಾನೇ ಗೇಲಿಕ್ ಮಾತಾಡುವವನು, ಪಶ್ಚಿಮ ದ್ವೀಪಗಳ ಬಗ್ಗೆ ಬರೆದ ಪುಸ್ತಕ 1703ರಲ್ಲಿ ಅಚ್ಚಾಯಿತು. ಈ ಹಬ್ಬದಲ್ಲಿ ಮನೆಯೊಡತಿ ಮತ್ತು ಕೆಲಸದವರು ಓಟ್ಸ್ ತೆನೆಯ ಸಿವುಡೊಂದಕ್ಕೆ ಹೆಂಗಸಿನ ಬಟ್ಟೆ ಉಡಿಸುತ್ತಾರೆ. ದೊಡ್ಡ ಬುಟ್ಟಿಯಲ್ಲಿ ಮಲಗಿಸುತ್ತಾರೆ. ಪಕ್ಕದಲ್ಲಿ ಮರದ ದೊಣ್ಣೆಯೊಂದನ್ನು ಇಡುತ್ತಾರೆ. ಅದು ಬ್ರಿಜಿಡಳ ಹಾಸಿಗೆ. ಬ್ರಿಜಿಡ್ ಬಂದಳು, ಬಾ ತಾಯಿ ಎಂದು ಮೂರು ಸಲ ಕೂಗಿ ಮಲಗುತ್ತಾರೆ. ಬೆಳಗ್ಗೆ ಎದ್ದು ಮೊದಲು ನೋಡುವುದು ಒಲೆಯ ಬೂದಿಯನ್ನು. ಅದರಲ್ಲಿ ಆ ದೊಣ್ಣೆಯ ಗುರುತು ಮೂಡಿದ್ದರೆ ಬೆಳೆ ಚೆನ್ನಾಗಿ ಬರುತ್ತದೆ. ಇಲ್ಲದಿದ್ದರೆ ಕೆಟ್ಟ ಶಕುನ.

ತಣ್ಣಗಾದ ಒಲೆಯ ಮುಂದೆ, ಇನ್ನೂ ಬೆಳಕಾಗದ ಹೊತ್ತಿನಲ್ಲಿ, ಬೂದಿಯ ಮೇಲೆ ಬಗ್ಗಿ ಹುಡುಕುವ ಆ ಹೆಂಗಸಿನ ಮುಖ ನನ್ನ ಕಣ್ಣಿಂದ ಹೋಗುವುದಿಲ್ಲ. ಮನೆಮಂದಿಯ ಇಡೀ ವರ್ಷ ಅವಳಿಗೆ ಆ ಬೂದಿಯಲ್ಲಿ ಕಾಣಬೇಕು.

ಈ ಸೀಮೆಯ ಮಾತಿನಲ್ಲೂ ಬ್ರಿಜಿಡ್ ಉಳಿದಿದ್ದಾಳೆ. ಕಡಲ ದಂಡೆಯಲ್ಲಿ ಕೆಂಪು ಕೊಕ್ಕಿನ ಕಪ್ಪುಬಿಳಿ ಹಕ್ಕಿಯೊಂದಿದೆ, ಗೇಲಿಕ್ಕಿನಲ್ಲಿ ಅದಕ್ಕೆ ಬ್ರಿಜಿಡಳ ಆಳು ಎಂಬ ಅರ್ಥದ ಹೆಸರು. ದಾರಿಬದಿಯ ಹಳದಿ ಡ್ಯಾಂಡಿಲಯನ್ ಹೂವಿಗೂ ಅವಳ ಹೆಸರಿದೆ, ದಂಟು ಮುರಿದರೆ ಹಾಲು ಬರುತ್ತದಲ್ಲ. ಬ್ರಿಜಿಡಳ ದಿನ ಹಾವು ಬಿಲದಿಂದ ಹೊರಬರುತ್ತದೆ ಎನ್ನುವ ಪದ್ಯಗಳನ್ನು ಅಲೆಕ್ಸಾಂಡರ್ ಕಾರ್ಮೈಕೆಲ್ ಎಂಬ ಸುಂಕದ ಅಧಿಕಾರಿ ದ್ವೀಪ ದ್ವೀಪ ಸುತ್ತಿ ಬರೆದುಕೊಂಡು 1900ರಲ್ಲಿ ಅಚ್ಚು ಹಾಕಿಸಿದ. ತಿದ್ದಿ ನುಣುಪು ಮಾಡಿದ ಎಂಬ ದೂರು ಅವನ ಮೇಲಿದೆ, ಆದರೂ ಅವನು ಹೋಗಿರದಿದ್ದರೆ ಎಷ್ಟೋ ಪದ್ಯ ಆ ಮುದುಕಿಯರ ಜೊತೆ ಮಣ್ಣಾಗುತ್ತಿದ್ದವು.

---

ಕಿಲ್ಡೇರ್ ಕನ್ನಡತಿ | ಫೆಬ್ರವರಿ 1, ಸಂಜೆ 7:20

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಎಲ್ಲರಿಗೂ ಋಣಿ. ಇವತ್ತು ಮಧ್ಯಾಹ್ನ ಅಜ್ಜಿಯ ಜೊತೆ ಊರ ಬೆಟ್ಟದ ಮೇಲಿನ ಕತೀಡ್ರಲ್‌ಗೆ ಹೋಗಿದ್ದೆ. ಕಿಲ್ಡೇರ್ ಎಂದರೆ ಓಕ್ ಮರದ ಚರ್ಚು ಎಂದರ್ಥ. ಅಂಗಳದಲ್ಲಿ ಹುಲ್ಲಿನ ನಡುವೆ ತಗ್ಗಾದ ಕಲ್ಲಿನ ಪಾಯವೊಂದಿದೆ, ಜನ ಅದನ್ನು ಬೆಂಕಿ ಮನೆ ಎನ್ನುತ್ತಾರೆ.

ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿ 12ನೇ ಶತಮಾನದ ಕೊನೆಯಲ್ಲಿ ಐರ್ಲೆಂಡಿನ ಬಗ್ಗೆ ಬರೆಯುತ್ತಾ ಇಲ್ಲಿನ ಆರದ ಬೆಂಕಿಯ ಮಾತೆತ್ತಿದ್ದಾನೆ. ಬ್ರಿಜಿಡಳ ಕಾಲದಲ್ಲಿ ಕಾಯುತ್ತಿದ್ದವರು ಇಪ್ಪತ್ತು ಜನ, ಅವಳೂ ಸೇರಿ. ಅವಳು ತೀರಿಕೊಂಡ ಮೇಲೆ ಹತ್ತೊಂಬತ್ತು. ಒಬ್ಬೊಬ್ಬ ಸನ್ಯಾಸಿನಿಗೆ ಒಂದೊಂದು ರಾತ್ರಿ. ಇಪ್ಪತ್ತನೇ ರಾತ್ರಿ ಹತ್ತೊಂಬತ್ತನೆಯವಳು ಸೌದೆ ಪೇರಿಸಿಟ್ಟು, "ಬ್ರಿಜಿಡ್, ಇವತ್ತಿನ ಪಾಳಿ ನಿನ್ನದು, ನಿನ್ನ ಬೆಂಕಿ ನೀನೇ ನೋಡಿಕೋ" ಎಂದು ಹೇಳಿ ಹೊರಟುಬಿಡುತ್ತಿದ್ದಳಂತೆ. ಬೆಳಗ್ಗೆ ನೋಡಿದರೆ ಸೌದೆ ಉರಿದಿರುತ್ತಿತ್ತು, ಬೆಂಕಿ ಹಾಗೇ ಇರುತ್ತಿತ್ತು. ಅಷ್ಟು ಕಾಲ ಉರಿದರೂ ಬೂದಿ ಹೆಚ್ಚಾಗಲಿಲ್ಲ ಎಂದೂ ಬರೆದಿದ್ದಾನೆ.

ಸುತ್ತ ಬೇಲಿ, ಗಂಡಸರು ದಾಟುವಂತಿರಲಿಲ್ಲ. ಹೆಂಗಸರೂ ಬಾಯಿಂದ ಊದುವಂತಿಲ್ಲ, ತಿದಿಯಿಂದಲೋ ಬೀಸಣಿಗೆಯಿಂದಲೋ ಮಾತ್ರ. ಆಗಿನ ನಾರ್ಮನ್ ದೊರೆಯ ಕಡೆಯ ಬಿಲ್ಲುಗಾರನೊಬ್ಬ ಬೇಲಿ ಹಾರಿ ಬಾಯಿಂದ ಊದಿದನಂತೆ. ತಲೆಕೆಟ್ಟು ಊರೆಲ್ಲ ಓಡಾಡಿ, ಸಿಕ್ಕಿದವರ ಮುಖಕ್ಕೆಲ್ಲ ಊದುತ್ತಾ, ಕೊನೆಗೆ ತಾಳಲಾರದ ಬಾಯಾರಿಕೆಯಿಂದ ನೀರು ಕುಡಿದು ಕುಡಿದು ಸತ್ತನಂತೆ. 1220ರಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪ್ ಇದು ಪೇಗನ್ ಆಚಾರವೆಂದು ಆರಿಸಿದನೆಂಬ ಹೇಳಿಕೆ ಇದೆ. ಮತ್ತೆ ಹೊತ್ತಿಸಿದರು. 16ನೇ ಶತಮಾನದಲ್ಲಿ ಮಠಗಳನ್ನೇ ಮುಚ್ಚಿಸಿದಾಗ ಪೂರ್ತಿ ಆರಿತು. 1993ರಲ್ಲಿ ಬ್ರಿಜಿಡಳ ಹೆಸರಿನ ಸಂಘದ ಸನ್ಯಾಸಿನಿಯರು ಪೇಟೆ ಚೌಕದಲ್ಲಿ ಮತ್ತೆ ಹಚ್ಚಿದರು, ಇವತ್ತಿಗೂ ಸೋಲಸ್ ಬ್ರೀಜೆ ಕೇಂದ್ರದಲ್ಲಿ ಕಾಯುತ್ತಿದ್ದಾರೆ. 2006ರ ಫೆಬ್ರವರಿ 1ರಂದು ಆಗಿನ ರಾಷ್ಟ್ರಾಧ್ಯಕ್ಷೆ ಮೇರಿ ಮೆಕಲೀಸ್ ಚೌಕದ ಕಂಬದ ಮೇಲಿನ ಜ್ವಾಲೆ ಬೆಳಗಿಸಿದರು. ಕಂಚಿನ ಓಕ್ ಕಾಯಿಯೊಳಗೆ ಬೆಂಕಿ.

ಹಳೇ ಓಲೆ ಸರ್, ಒಂದು ಕೇಳಬೇಕು. ಕೊಗಿಟೊಸುಸ್ ಈ ಬೆಂಕಿಯ ಬಗ್ಗೆ ಬರೆದಿದ್ದಾನೆಯೇ?

---

ಹಳೇ ಓಲೆ | ಫೆಬ್ರವರಿ 1, ರಾತ್ರಿ 8:05

ಇಲ್ಲ ಅಮ್ಮ. ಅವನು ಕಿಲ್ಡೇರಿನ ಚರ್ಚನ್ನು ಇಂಚಿಂಚಾಗಿ ವರ್ಣಿಸುತ್ತಾನೆ, ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡುವ ಮರದ ಗೋಡೆ, ಚಿತ್ರಗಳಿರುವ ಇನ್ನೊಂದು ಅಡ್ಡಗೋಡೆ, ಅದರ ಎರಡು ಬಾಗಿಲು. ಬೆಂಕಿಯ ಮಾತಿಲ್ಲ. ಜೆರಾಲ್ಡನ ತನಕ ಕಾಯಬೇಕು. ಅಷ್ಟರಿಂದ ಬೆಂಕಿ ಇರಲಿಲ್ಲ ಎನ್ನಲಾಗದು, ಕ್ರೈಸ್ತಪೂರ್ವ ಪುರೋಹಿತರಾದ ಡ್ರೂಯಿಡರ ಕಾಲದಿಂದ ಉರಿಯುತ್ತಿತ್ತು ಎನ್ನಲೂ ಆಗದು. ಆದರೆ ಅದೇ ಕೊಗಿಟೊಸುಸ್ ಬ್ರಿಜಿಡ್ ನೆಂದ ಮೇಲುಹೊದಿಕೆಯನ್ನು ಬಿಸಿಲುಕೋಲಿನ ಮೇಲೆ ಒಣಗಹಾಕಿದಳು ಎಂದು ಬರೆದಿದ್ದಾನೆ. ಕಿಂಡಿಯಿಂದ ಬಂದ ಬಿಸಿಲನ್ನು ಅಡ್ಡ ಮರವೆಂದುಕೊಂಡಳು, ಹೊದಿಕೆ ನಿಂತಿತು. ವರ್ಷದ ಈ ಕಾಲದಲ್ಲಿ ಅದಕ್ಕಿಂತ ಬೆಚ್ಚಗಿನ ಕಥೆ ನನಗೆ ಗೊತ್ತಿಲ್ಲ.

---

ಲಿಫಿ ತೀರ | ಫೆಬ್ರವರಿ 1, ರಾತ್ರಿ 8:30

ಡಬ್ಲಿನ್ನಿನಿಂದ. 2023ರಿಂದ ಇಲ್ಲಿ ಇದಕ್ಕೆ ಸರ್ಕಾರಿ ರಜೆ ಇದೆ, ಮೊದಲ ರಜೆ ಆ ವರ್ಷದ ಫೆಬ್ರವರಿ 6. ನಿಯಮ ಏನೆಂದರೆ ಫೆಬ್ರವರಿಯ ಮೊದಲ ಸೋಮವಾರ, 1ನೇ ತಾರೀಖು ಶುಕ್ರವಾರ ಬಿದ್ದರೆ ಆ ಶುಕ್ರವಾರವೇ. ಈ ದೇಶದಲ್ಲಿ ಒಬ್ಬ ಹೆಣ್ಣಿನ ಹೆಸರಿನ ಮೊದಲ ಸಾರ್ವಜನಿಕ ರಜೆ ಇದು. ಸಂತ ಪ್ಯಾಟ್ರಿಕ್‌ನಿಗೆ ಎಷ್ಟೋ ಹಿಂದಿನಿಂದಲೂ ಇತ್ತು. ಮಗಳ ಶಾಲೆಯಲ್ಲಿ ಎಲ್ಲ ಮಕ್ಕಳೂ ಶಿಲುಬೆ ಹೆಣೆದು ತರುತ್ತಾರೆ, ನಮ್ಮವಳದು ಮೂರು ತೋಳಿನದು, ಅವಳ ಟೀಚರ್ ಉತ್ತರದ ಕಡೆಯವರು. ಆ ಭಾಗದಲ್ಲಿ ಮೂರು ತೋಳಿನವೂ ರೂಢಿಯಲ್ಲಿವೆಯಂತೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಸಂತ ಮಾರ್ಚ್ 1ಕ್ಕೆ. ನೆರೆಯವರು ಯಾರೂ ಅದನ್ನು ಒಪ್ಪುವುದಿಲ್ಲ. ನನಗೂ ಈಗ ಅವರದೇ ಸರಿ ಅನ್ನಿಸುತ್ತದೆ. ಡಿಸೆಂಬರ್ 21ಕ್ಕೆ ಇಲ್ಲಿ ಹಗಲು ಏಳೂವರೆ ಗಂಟೆ, ಇವತ್ತಿಗೆ ಹತ್ತಿರ ಹತ್ತಿರ ಒಂಬತ್ತು. ಕೆಲಸ ಬಿಟ್ಟು ಹೊರಬಂದಾಗ ಆಕಾಶದಲ್ಲಿ ಇನ್ನೂ ಬೆಳಕಿತ್ತು, ರಸ್ತೆಯಲ್ಲಿ ನಿಂತುಬಿಟ್ಟೆ.

---

ಸೂಲಗಿತ್ತಿ ಮೊಮ್ಮಗಳು | ಫೆಬ್ರವರಿ 1, ರಾತ್ರಿ 9:15

ನಾನು ಕಾರ್ಕ್ ಕಡೆ ಹೆರಿಗೆ ವಾರ್ಡಿನಲ್ಲಿ ಮಿಡ್‌ವೈಫ್. ನಮ್ಮಜ್ಜಿ ಊರಿಗೆಲ್ಲ ಸೂಲಗಿತ್ತಿಯಾಗಿದ್ದವರು, ಹಾಗಾಗಿ ಈ ಚರ್ಚೆ ನನ್ನನ್ನು ಬಿಡುತ್ತಿಲ್ಲ.

ಬ್ರಿಜಿಡಳ ಹುಟ್ಟಿನ ಕಥೆ ಯಾರೂ ಹೇಳಲಿಲ್ಲ. ಅವಳ ತಾಯಿ ಬ್ರೊಕ್ಸೆಕ್ ಜೀತದವಳು. ಸೂರ್ಯ ಹುಟ್ಟುವ ಹೊತ್ತಿಗೆ ಹಾಲಿನ ಪಾತ್ರೆ ಹಿಡಿದು ಬರುವಾಗ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಕಾಲು ಹೊರಗೆ ಇದ್ದಂತೆ ಹೆತ್ತಳು. ಕೂಸನ್ನು ಆ ಬಿಸಿ ಹಾಲಿನಲ್ಲೇ ತೊಳೆದರು.

ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಬ್ರಿಜಿಡ್ ಯೇಸುವಿನ ತಾಯಿ ಮೇರಿಗೆ ಸೂಲಗಿತ್ತಿಯಾಗಿದ್ದವಳು ಎಂಬ ನಂಬಿಕೆ. ಹೆರಿಗೆ ಕಷ್ಟವಾದಾಗ ಅಲ್ಲಿನ ಸೂಲಗಿತ್ತಿಯರು ಬಾಗಿಲಿಗೆ ಹೋಗಿ, ಎರಡು ಕಡೆಯ ಚೌಕಟ್ಟಿಗೆ ಕೈಯೂರಿ ನಿಂತು, ಮೆಲುದನಿಯಲ್ಲಿ ಬ್ರಿಜಿಡಳನ್ನು ಒಳಗೆ ಕರೆಯುತ್ತಿದ್ದರು. ಕಾರ್ಮೈಕೆಲ್ ಬರೆದಿದ್ದಾನೆ. ರಾತ್ರಿ ಪಾಳಿಯಲ್ಲಿ ಕೆಲವೊಮ್ಮೆ ಏನೂ ಮಾಡಲಾಗದೆ ಕಾಯುವ ಹೊತ್ತು ಬರುತ್ತದೆ. ಆಗ ನಾನೂ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಯಾಕೆ ಅಲ್ಲಿಗೇ ಹೋಗುತ್ತೇನೆಂದು ಯೋಚಿಸಿರಲಿಲ್ಲ.

ದೇವತೆಯೋ ಸಂತಳೋ ಎಂದು ಕೇಳಿದಿರಿ ಅಕ್ಕ. ನನಗೆ ಕಂಡದ್ದು ಇಷ್ಟು. ಹುಟ್ಟಿದ್ದು ಹೊಸ್ತಿಲಲ್ಲಿ, ನಿನ್ನೆ ರಾತ್ರಿ ನೀವು ಕೂಗಿದ್ದು ಹೊಸ್ತಿಲಲ್ಲಿ, ಸೂಲಗಿತ್ತಿ ಕರೆದದ್ದು ಹೊಸ್ತಿಲಲ್ಲಿ. ಇದನ್ನು ಕಾಪಾಡಿದವರು ಪುರೋಹಿತರೂ ಅಲ್ಲ, ಬಿಷಪ್ಪರೂ ಅಲ್ಲ. ಮನೆಯ ಹೆಂಗಸರು. ಅವರು ಹೆಸರಿನ ಮುಂದೆ ಏನು ಹಾಕಬೇಕೆಂದು ಕೇಳಿಕೊಂಡಿದ್ದೇ ಅನುಮಾನ.

---

ಮಳೆಹನಿ | ಫೆಬ್ರವರಿ 1, ರಾತ್ರಿ 9:40

ಮಗಳಿಗೆ ಬೂದಿಯ ಕಥೆ ಹೇಳಿದೆ. ಮನೆಯಲ್ಲಿ ಒಲೆ ಇಲ್ಲವಲ್ಲ, ಬ್ರಿಜಿಡ್ ಗುರುತು ಎಲ್ಲಿ ಮಾಡುತ್ತಾಳೆ ಎಂದು ಕೇಳುತ್ತಿದ್ದಾಳೆ.

---

ಕಿಲ್ಡೇರ್ ಕನ್ನಡತಿ | ಫೆಬ್ರವರಿ 1, ರಾತ್ರಿ 10:10

ಹಾಗಾದರೆ ಅವಳಿಗೆ ಬಟ್ಟೆಯ ವಿಷಯ ಹೇಳಿ, ಅದಕ್ಕೆ ಒಲೆ ಬೇಡ. ನಿನ್ನೆ ಬರೆಯಲು ಬಿಟ್ಟುಹೋಗಿತ್ತು.

ಮಲಗುವ ಮುಂಚೆ ಅಜ್ಜಿ ಬಿಳಿ ಹತ್ತಿ ಬಟ್ಟೆಯೊಂದನ್ನು ತಂದು ನನ್ನ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಹಾಸಿ, ಹಾರದಂತೆ ಕಲ್ಲಿಟ್ಟರು. ಬ್ರಾತ್ ಬ್ರೀಜೆ ಎಂದರೆ ಬ್ರಿಜಿಡಳ ಹೊದಿಕೆ. ರಾತ್ರಿ ಆ ದಾರಿಯಲ್ಲಿ ಹೋಗುವಾಗ ಅವಳು ಮುಟ್ಟುತ್ತಾಳೆ. ಆ ಬಟ್ಟೆಯನ್ನು ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ತಲೆನೋವಿಗೆ ಹಣೆಗೆ ಕಟ್ಟುತ್ತಾರೆ, ಹಸು ಕರು ಹಾಕುವಾಗ ಬೆನ್ನ ಮೇಲೆ ಹಾಕುತ್ತಾರೆ, ಬಸುರಿಯ ಹತ್ತಿರ ಇಡುತ್ತಾರೆ.

ಬೆಳಗ್ಗೆ ಏಳೂವರೆಗೆ ಇನ್ನೂ ಕತ್ತಲು. ಟಾರ್ಚ್ ಹಿಡಿದು ತೆಗೆದೆ. ಹಿಮ ಬಿದ್ದು ಬಟ್ಟೆ ಹಪ್ಪಳದ ಹಾಗೆ ಸೆಟೆದಿತ್ತು, ಮಡಚಲು ಬರಲಿಲ್ಲ. ಹಾಗೇ ಎರಡೂ ಕೈಯಲ್ಲಿ ತಟ್ಟೆಯಂತೆ ಹಿಡಿದುಕೊಂಡು ಅಜ್ಜಿಯ ಮನೆಗೆ ಹೋದೆ. ಅಡುಗೆಮನೆಯ ಬಿಸಿಗೆ ಮೆತ್ತಗಾಗುವ ತನಕ ಇಬ್ಬರೂ ಚಹಾ ಕುಡಿಯುತ್ತಾ ಕೂತೆವು. ಆಮೇಲೆ ಅಜ್ಜಿ ಅಂಚಿಗೆ ಹಲ್ಲು ಹಾಕಿ ಸೀಳಿ ಉದ್ದುದ್ದ ಪಟ್ಟಿ ಮಾಡಿದರು. ಒಂದು ಅಮೆರಿಕದಲ್ಲಿರುವ ಮೊಮ್ಮಗಳಿಗೆ, ಅವಳು ಈಗ ಏಳು ತಿಂಗಳ ಬಸುರಿ. ಒಂದು ಅಜ್ಜಿಯ ದಿಂಬಿನ ಕೆಳಗೆ. ಒಂದು ನನಗೆ.

ಸೂಲಗಿತ್ತಿ ಮೊಮ್ಮಗಳು ಅವರೇ, ನನ್ನ ಪಟ್ಟಿಯನ್ನು ಎರಡು ಮಾಡಿದ್ದೇನೆ. ವಿಳಾಸವನ್ನು ಇಲ್ಲಿ ಬರೆಯಬೇಡಿ, ಪ್ರತ್ಯೇಕ ಸಂದೇಶದಲ್ಲಿ ಕಳಿಸಿ. ನಾಳೆಯೇ ಅಂಚೆಗೆ ಹಾಕುತ್ತೇನೆ.